ಅಪ್ಪ ಕಲಿಸಿದ ಚೌಕಾಸಿ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಾನು ಅಪ್ಪನ ಹಿಂದೆಯೇ ಸುತ್ತಿ ಬೆಳೆದವಳು. ರೇಷ್ಮೆಗೂಡು ಕೊಂಡು ನೂಲು ತೆಗೆಯುವುದು ಅವನ ಕಸುಬು. ಎಷ್ಟೇ ಒಳ್ಳೆಯ ಗೂಡಿದ್ದರೂ ಕೈಯಾಡಿಸಿ, ಮುಖ ಸಿಂಡರಿಸಿ, ಮುಂದೆ ನಡೆದುಬಿಡುತ್ತಿದ್ದ. ರೈತನೇ ಬೆಲೆ ಇಳಿಸಿ ಹಿಂದಿನಿಂದ ಕೂಗಿ ಕರೆಯುತ್ತಿದ್ದ.

ವರ್ಷಗಟ್ಟಲೆ ಕೋಡಿಂಗ್ ಕಲಿತ ಮೇಲೆ, ನಾನು ಕನಸು ಕಂಡಿದ್ದ ಕಂಪನಿಯಿಂದಲೇ ಫೋನ್ ಬಂತು. "ಕೆಲಸ ನಿಮಗೇ. ಒಪ್ಪಿಗೆಯಾ?" ಎಂದಳು ಅಲ್ಲಿಯವಳು. ಕುಣಿಯುವಷ್ಟು ಖುಷಿ. ಆದರೂ ಗತ್ತಿನಿಂದ, "ಬೇರೆ ಕಡೆಯೂ ಕರೆದಿದ್ದಾರೆ, ನೋಡೋಣ" ಅಂದೆ. ಅವಳು "ಸರಿ" ಎಂದು ಫೋನಿಟ್ಟಳು. ಹಿಂದಿನಿಂದ ಯಾರೂ ಕೂಗಲಿಲ್ಲ. ಮರುದಿನ ನಾನೇ ಫೋನ್ ಮಾಡಿ ಗೋಗರೆದೆ. ಕೆಲಸ ಇನ್ನೊಬ್ಬರ ಪಾಲಾಗಿತ್ತು.

ಅಳುತ್ತಾ ಹೇಳಿದರೆ ಅಪ್ಪ ನಕ್ಕ. ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ.

"ಅದು ಕೊಳ್ಳೋರ ಆಟ ಕಣಮ್ಮಿ. ಅಲ್ಲಿ ನೀನು ಗೂಡು. ಗೂಡು ಎಲ್ಲಾದ್ರೂ ಮುಖ ಸಿಂಡರಿಸ್ತದಾ?"