ಚಿತ್ರ ಮೊದಲು, ಯೋಜನೆ ಆಮೇಲೆ

ಫೈಲ್ ಮೇಡಂ ತಮ್ಮ ಜೀವಮಾನದಲ್ಲಿ ಒಂದೇ ಒಂದು ಚಿತ್ರವನ್ನೂ ತೆಗೆದವರಲ್ಲ. ಹಾಗೆಂದು ಅವರನ್ನು ಹಗುರವಾಗಿ ಕಾಣುವಂತಿಲ್ಲ. ಚಿತ್ರ ತೆಗೆಯುವುದನ್ನು ಕಲಿಸುವವರೇ ಚಿತ್ರ ತೆಗೆಯುತ್ತ ಕೂತರೆ ಕಲಿಸುವವರು ಯಾರು? ಹತ್ತು ವರ್ಷ ಅವರು ಒಂದು ಸಣ್ಣ ದಿನಪತ್ರಿಕೆಯಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದರು. ಒಂದು ಬೆಳಿಗ್ಗೆ ಆ ಪತ್ರಿಕೆ ಒಂದೂ ಅಕ್ಷರದೋಷವಿಲ್ಲದೆ ಮುಚ್ಚಿಹೋಯಿತು. ಆಮೇಲೆ ಸಿಕ್ಕಿದ್ದು ಕಾಲೇಜಿನ ಮಾಧ್ಯಮ ಅಧ್ಯಯನ ವಿಭಾಗದ ಈ ಕೆಲಸ. ಪ್ರತಿ ವರ್ಷ ನೇಮಕದ ಕಾಗದ ಹೊಸದಾಗಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು.

ವಿಭಾಗ ಎಂದರೆ ಮೂರನೇ ಮಹಡಿಯ ಕೊನೆಯಲ್ಲಿ ಒಂದು ಉದ್ದ ಕೋಣೆ. ಕಿಟಕಿಗೆ ಮೊಳೆ ಹೊಡೆದು ಕಪ್ಪು ಬಟ್ಟೆ ಕಟ್ಟಿದ್ದಾರೆ. ಬೀರುವಿನಲ್ಲಿ ಎರಡು ಕ್ಯಾಮೆರಾ, ಮೂಲೆಯಲ್ಲಿ ಮೂರು ಟ್ರೈಪಾಡ್. ಅದರಲ್ಲೊಂದರ ಕಾಲಿಗೆ ಟೇಪು ಸುತ್ತಿದೆ, ಅದು ನಿಲ್ಲುತ್ತದೆ ಎಂದು ನಂಬಿದವರ ಚಿತ್ರವೆಲ್ಲ ಕೊನೆಗೆ ನೆಲದ ಚಿತ್ರವಾಗುತ್ತದೆ. ಎಡಿಟಿಂಗಿಗೆ ಒಂದು ಕಂಪ್ಯೂಟರ್ ಉಂಟು. ಒಂದು ಗುಂಡಿ ಒತ್ತಿ, ಕೆಳಗಿಳಿದು ಚಹಾ ಕುಡಿದು, ಮೇಲೆ ಬಂದರೆ ಅದು ಇನ್ನೂ ಯೋಚನೆ ಮಾಡುತ್ತಿರುತ್ತದೆ. ಇಷ್ಟು ಸಲಕರಣೆಯಲ್ಲೇ ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂರು ನಿಮಿಷದ ಒಂದು ಚಿತ್ರ ತೆಗೆದು, ಜೊತೆಗೊಂದು ಫೈಲ್ ಒಪ್ಪಿಸಬೇಕು. ಫೈಲಿನಲ್ಲಿ ಮೊದಲು ಯೋಜನೆ, ಆಮೇಲೆ ಪ್ರತಿ ಶಾಟನ್ನೂ ಚೌಕದೊಳಗೆ ಬಿಡಿಸಿದ ಸ್ಟೋರಿಬೋರ್ಡ್, ಆಮೇಲೆ ಶೂಟಿಂಗ್ ದಿನಚರಿ, ಕೊನೆಗೆ 'ನಾನು ಕಲಿತದ್ದು' ಎಂಬ ಎರಡು ಪುಟ.

ಮೇಡಂ ಬಂದ ಮೊದಲ ವರ್ಷ ಎಲ್ಲರೂ ಪ್ರಾಮಾಣಿಕವಾಗಿ ಯೋಜನೆ ಮಾಡಿ ಶೂಟಿಂಗಿಗೆ ಹೋದರು. ಹೋದವರು ಬೇರೇನನ್ನೋ ತೆಗೆದುಕೊಂಡು ಬಂದರು. ಬೆಳಗಿನ ಮಾರುಕಟ್ಟೆ ತೆಗೆಯಲು ಹೋದವನು ಎದ್ದದ್ದೇ ಹನ್ನೊಂದಕ್ಕೆ, ಹಾಗಾಗಿ ಖಾಲಿ ಬುಟ್ಟಿಗಳ ಚಿತ್ರ ತಂದ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅಂಕಪಟ್ಟಿಯಲ್ಲಿ 'ಚಿತ್ರ ಚೆನ್ನಾಗಿದೆಯೇ' ಎಂಬ ಕಾಲಂ ಇರಲಿಲ್ಲ. 'ಯೋಜನೆಗೂ ಚಿತ್ರಕ್ಕೂ ಹೊಂದಾಣಿಕೆ' ಎಂಬ ಕಾಲಂ ಇತ್ತು. ಅದಕ್ಕೆ ಮೂವತ್ತು ಅಂಕ, ಅದರಲ್ಲಿ ಹತ್ತು ಬಾರದಿದ್ದರೆ ವಿಷಯವೇ ಫೇಲು. ಆ ವರ್ಷ ಅರ್ಧ ತರಗತಿ ಮಕಾಡೆ ಮಲಗಿತು. ವಿಭಾಗದ ಮುಖ್ಯಸ್ಥರು ಮೇಡಂ ಅವರನ್ನು ಕರೆದು ಕುರ್ಚಿ ತೋರಿಸದೆ ಮಾತಾಡಿದರು.

ಮರುವರ್ಷ ಮೇಡಂ ಬುದ್ಧಿ ಕಲಿತರು. ಒಂದು ಶನಿವಾರ ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ ವಿಶೇಷ ತರಗತಿ ತೆಗೆದುಕೊಂಡರು. ಮೊದಲು ಚಿತ್ರ ತೆಗೆಯಿರಿ. ಏನು ಬಂದಿದೆಯೋ ನೋಡಿ. ಅದನ್ನೇ ಚೌಕದೊಳಗೆ ಬಿಡಿಸಿ, ಅದಕ್ಕೆ ಹಿಂದಿನ ತಿಂಗಳ ತಾರೀಖು ಹಾಕಿ. ದಿನಚರಿಯನ್ನು ಒಂದೇ ಪೆನ್ನಿನಲ್ಲಿ ಬರೆಯಬೇಡಿ, ಮೂರು ಪೆನ್ನು ಬದಲಿಸಿ. ಒಂದು ಪುಟದ ಮೇಲೆ ಚಹಾ ಲೋಟ ಇಟ್ಟು ತೆಗೆಯಿರಿ. ನಡುವೆ ಒಂದು ತೊಂದರೆ ಇರಲಿ, ತೀರ ದೊಡ್ಡದು ಬೇಡ. ಅದನ್ನು ಧೈರ್ಯವಾಗಿ ಎದುರಿಸಿದೆವು ಎಂದು ಬರೆಯಿರಿ.

ಫಲಿತಾಂಶ ನೂರಕ್ಕೆ ನೂರು. ಇಪ್ಪತ್ಮೂರು ಜನರ ಬ್ಯಾಟರಿಯೂ ಒಂದೇ ಮಂಗಳವಾರ ಮುಗಿದಿತ್ತು, ಇಪ್ಪತ್ಮೂರು ಜನರೂ ಎದೆಗುಂದಿರಲಿಲ್ಲ. ಒಬ್ಬ ಮಹಾಶಯ ದಿನಚರಿಯಲ್ಲಿ ಧಾರಾಕಾರ ಮಳೆ ಸುರಿಸಿಬಿಟ್ಟಿದ್ದ, ಅವನ ಚಿತ್ರದಲ್ಲಿ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಓಡಾಡುತ್ತಿದ್ದರು. ಅದನ್ನೂ ಯಾರೂ ಗಮನಿಸಲಿಲ್ಲ. ಮುಖ್ಯಸ್ಥರು ಮೇಡಂ ಅವರಿಗೆ ಕುರ್ಚಿ ತೋರಿಸಿದರು. 'ಫೈಲ್ ಮೇಡಂ' ಎಂಬ ಹೆಸರು ಅಂಟಿಕೊಂಡದ್ದೂ ಆಗಲೇ.

ಮನೆಯಲ್ಲಿ ಮೇಡಂ ಜೊತೆ ಇರುವವರು ಅವರ ಅಕ್ಕ, ನಿವೃತ್ತ ನರ್ಸು. ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದವರಾದ್ದರಿಂದ ಅವರ ನಾಲಿಗೆಗೆ ಮುಲಾಜು ಎಂಬುದು ತಿಳಿಯದು. ತಂಗಿ ಊಟದ ಮೇಜಿನ ಮೇಲೆ ಫೈಲು ಹರಡಿಕೊಂಡು ಕೂತಾಗಲೆಲ್ಲ ಒಂದು ಮಾತು ಬರಲೇಬೇಕು.

"ಜ್ವರ ನೋಡೋಕೆ ಮುಂಚೆನೇ ಚಾರ್ಟ್ ತುಂಬೋ ನರ್ಸುಗಳನ್ನ ನಾನು ಕಂಡಿದೀನಿ ಕಣೇ. ನೀನು ಅವರಿಗಿಂತ ವಾಸಿ. ರೋಗಿ ಮನೆಗೆ ಹೋದಮೇಲೆ ತುಂಬ್ತೀಯ."

"ಮಕ್ಕಳು ಪಾಸಾಗ್ತಾರಲ್ಲ ಅಕ್ಕ," ಎನ್ನುತ್ತಿದ್ದರು ಮೇಡಂ.

"ನಮ್ಮ ರೋಗಿಗಳೂ ಚಾರ್ಟಲ್ಲಿ ಚೆನ್ನಾಗೇ ಇರ್ತಿದ್ರು."

ಹೀಗೆ ಒಂಬತ್ತು ವರ್ಷ ಯಾವ ಕಿರಿಕಿರಿಯೂ ಇಲ್ಲದೆ ಸಾಗಿತು. ಹತ್ತನೇ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಈ ಸಲದ ಫಲಿತಾಂಶ ಚೆನ್ನಾಗಿದ್ದರೆ ನಿಮ್ಮ ಕೆಲಸ ಕಾಯಂ ಎಂದು ಮುಖ್ಯಸ್ಥರು ಬಾಯಿಬಿಟ್ಟು ಹೇಳಿದರು. ಇನ್ನೊಂದು ಸಂಗತಿ, ಲಿಫ್ಟ್ ನಡೆಸುವವನ ಮಗಳು.

ಅವಳು ಗಲಾಟೆಯ ಹುಡುಗಿಯಲ್ಲ. ಮೂರನೇ ಬೆಂಚಿನಲ್ಲಿ ಗೋಡೆ ಪಕ್ಕ ಕೂರುತ್ತಿದ್ದಳು. ಅವಳ ಅಪ್ಪ ಒಂದು ದೊಡ್ಡ ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಇಪ್ಪತ್ತೆರಡು ವರ್ಷದಿಂದ ಗುಂಡಿ ಒತ್ತುತ್ತಿದ್ದ. ಅವನ ಮೇಲೇ ಚಿತ್ರ ತೆಗೆಯುತ್ತೇನೆಂದು ಅವಳು ಇಪ್ಪತ್ನಾಲ್ಕು ಶಾಟುಗಳ ಯೋಜನೆ ಮಾಡಿದ್ದಳು, ನಿಜವಾಗಿಯೂ ಮುಂಚೆಯೇ. ಕಟ್ಟಡದವರು ಶೂಟಿಂಗಿಗೆ ಒಪ್ಪಿಗೆ ಕೊಟ್ಟದ್ದು ಒಂದು ಶನಿವಾರ ಮಾತ್ರ. ಮೇಡಂ ಬಾಗಿಲು ಹಾಕಿಸಿ ಪಾಠ ಮಾಡಿದ್ದೂ ಅದೇ ಶನಿವಾರ. ಇಡೀ ವರ್ಷದಲ್ಲಿ ಅವಳು ತಪ್ಪಿಸಿಕೊಂಡದ್ದು ಆ ಒಂದು ತರಗತಿ.

ಹಾಗಾಗಿ ಅವಳ ಫೈಲಿನಲ್ಲಿ ನಡೆದದ್ದು ನಡೆದ ಹಾಗೇ ಇತ್ತು. ಇಪ್ಪತ್ನಾಲ್ಕು ಚೌಕದಲ್ಲಿ ಇಪ್ಪತ್ತೊಂದಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ. ಉಳಿದದ್ದು ಮೂರು: ಅಪ್ಪನ ಬೆನ್ನು, ಗುಂಡಿಗಳ ಮೇಲಿನ ಕೈ, ಮುಚ್ಚಿಕೊಳ್ಳುವ ಬಾಗಿಲು. ದಿನಚರಿಯಲ್ಲಿ ಹೀಗೆ ಬರೆದಿದ್ದಳು: 'ಕ್ಯಾಮೆರಾ ಕಂಡ ಕೂಡಲೇ ಅಪ್ಪ ಮುಖ ತಿರುಗಿಸಿದರು. ಎಷ್ಟು ಕೇಳಿದರೂ ಒಪ್ಪಲಿಲ್ಲ. ಇಷ್ಟು ವರ್ಷ ಇಲ್ಲಿ ಯಾರೂ ನನ್ನ ಮುಖ ನೋಡಿಲ್ಲ, ನೀನೂ ಬಿಡಮ್ಮ ಎಂದರು. ನನಗೆ ಅಳು ಬಂತು. ಆಮೇಲೆ ಅವರ ಹಿಂದೆ ನಿಂತೆ. ದಿನವಿಡೀ ಜನರು ನೋಡುವುದು ಈ ಬೆನ್ನನ್ನೇ ಎಂದು ಅವತ್ತು ಗೊತ್ತಾಯಿತು.'

ಮೇಡಂ ಆ ಪುಟವನ್ನು ಎರಡು ಸಲ ಓದಿದರು. ಒಂಬತ್ತು ವರ್ಷದಲ್ಲಿ ಅವರು ಯಾವ ದಿನಚರಿಯನ್ನೂ ಎರಡು ಸಲ ಓದಿರಲಿಲ್ಲ, ಓದಿಸಿಕೊಳ್ಳುವಂಥದ್ದು ಬಂದೇ ಇರಲಿಲ್ಲ. ಆಮೇಲೆ ಚಿತ್ರ ನೋಡಿದರು. ಮೂರು ನಿಮಿಷವೂ ಹೆಚ್ಚುಕಡಿಮೆ ಒಂದು ಬೆನ್ನು. ಲಿಫ್ಟಿಗೆ ಹತ್ತಿದವರು, ಇಳಿದವರು ಮಹಡಿಯ ಸಂಖ್ಯೆ ಬಿಟ್ಟು ಬೇರೆ ಒಂದು ಮಾತೂ ಆಡುವುದಿಲ್ಲ. ಮರುದಿನ ಮೇಡಂ ಹುಡುಗಿಯನ್ನು ಕರೆದರು.

"ನೋಡಮ್ಮ, ಫೈಲ್ ಸ್ವಲ್ಪ ಬದಲಾಯಿಸ್ಬೇಕು. ಈ ಗೆರೆ ಹೊಡೆದಿರೋದೆಲ್ಲ ತೆಗೆದುಬಿಡು. ಮೂರೇ ಶಾಟ್ ಅಂದ್ಕೊಂಡಿದ್ದೆ ಅಂತ ಹೊಸದಾಗಿ ಬರಿ."

"ಆದ್ರೆ ನಾನು ಹಾಗೆ ಅಂದ್ಕೊಂಡಿರಲಿಲ್ಲ ಮೇಡಂ."

"ಅದು ನಂಗೂ ಗೊತ್ತು."

"ದಿನಚರಿ ಅಂದ್ರೆ ನಡೆದಿದ್ದು ಬರೆಯೋದು ಅಂತ ಮೊದಲನೇ ಪಾಠದಲ್ಲಿ ನೀವೇ ಹೇಳಿದ್ರಿ."

ಹೇಳಿದ್ದು ನಿಜ. ಮೊದಲ ಪಾಠವನ್ನು ನೆನಪಿಟ್ಟುಕೊಳ್ಳುವ ವಿದ್ಯಾರ್ಥಿ ಸಿಕ್ಕಿದರೆ ಏನು ಮಾಡಬೇಕೆಂದು ಮೇಡಂ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಳ್ಳು ಬರಿ ಎಂದು ಇಪ್ಪತ್ತೈದು ಜನರಿಗೆ ಒಟ್ಟಿಗೆ ಹೇಳುವುದು ಸಲೀಸು, ಒಬ್ಬಳ ಕಣ್ಣು ನೋಡಿಕೊಂಡು ಹೇಳಲು ನಾಲಿಗೆ ಏಳಲಿಲ್ಲ. "ಸರಿ, ಹೋಗು" ಎಂದರು. ಪರೀಕ್ಷಕರು ಬಂದಾಗ ನಾಲ್ಕು ಮಾತು ಹೇಳಿ ಹೇಗೋ ಪಾರು ಮಾಡಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆ ಹುಡುಗಿಗೆ ಒಂದು ಸ್ಟುಡಿಯೊದವರು ಎಡಿಟಿಂಗ್ ಕೆಲಸ ಕೊಡುವುದಾಗಿ ಮಾತು ಕೊಟ್ಟಿದ್ದರು, ಈ ವಿಷಯದಲ್ಲಿ ಪಾಸಾಗಿದ್ದರೆ ಮಾತ್ರ. ಅದೂ ಮೇಡಂ ಅವರಿಗೆ ಗೊತ್ತಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ಶಿಸ್ತಿನ ಮನುಷ್ಯ. ಚಿತ್ರಗಳನ್ನು ಅವರು ದನಿ ನಿಲ್ಲಿಸಿ ನೋಡುತ್ತಿದ್ದರು, ಗಲಾಟೆಯಲ್ಲಿ ಎಣಿಕೆ ತಪ್ಪುತ್ತದಂತೆ. ಎಡಗೈ ಬೆರಳು ಸ್ಟೋರಿಬೋರ್ಡಿನ ಚೌಕದ ಮೇಲೆ, ಕಣ್ಣು ಪರದೆಯ ಮೇಲೆ. ಶಾಟ್ ಬದಲಾದಂತೆ ಬೆರಳು ಮುಂದಿನ ಚೌಕಕ್ಕೆ ಹೋಗಬೇಕು. ಇಪ್ಪತ್ತೈದು ಫೈಲುಗಳಲ್ಲಿ ಬೆರಳು ಎಲ್ಲೂ ಎಡವಲಿಲ್ಲ. "ಅದ್ಭುತ," ಎಂದರು. "ಅಂದುಕೊಂಡಿದ್ದನ್ನೇ ತೆಗೆದಿದಾರೆ. ನಾನು ಹೋದಲ್ಲೆಲ್ಲ ನಿಮ್ಮ ಕಾಲೇಜಿನ ಉದಾಹರಣೆ ಕೊಡ್ತೀನಿ."

ಇಪ್ಪತ್ತಾರನೇ ಫೈಲಿನಲ್ಲಿ ಬೆರಳು ಮೊದಲ ಚೌಕದಲ್ಲೇ ನಿಂತಿತು. ಪರದೆಯ ಮೇಲೆ ಬೆನ್ನು ಮೂಡಿತ್ತು, ಚೌಕದಲ್ಲಿ ಗೆರೆ ಹೊಡೆದ ನಗುಮುಖವಿತ್ತು. ಪರೀಕ್ಷಕರು ಚೌಕಗಳನ್ನು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ದಿನಚರಿಯನ್ನು ತೆರೆದೂ ನೋಡಲಿಲ್ಲ.

"ಇದೇನ್ರೀ? ಇಪ್ಪತ್ನಾಲ್ಕು ಅಂತ ಪ್ಲಾನ್ ಮಾಡಿ ಮೂರು ತೆಗೆದಿದಾಳೆ. ಮಿಕ್ಕವರಿಗೆಲ್ಲ ನೀವು ಹೇಳಿಕೊಟ್ಟಿದ್ದು ತಲೆಗೆ ಹತ್ತಿದೆ, ಇವಳೊಬ್ಬಳಿಗೆ ಯಾಕೆ ಹತ್ತಲಿಲ್ಲ?"

ಮೇಡಂ ಆಡಬೇಕಾಗಿದ್ದದ್ದು ಒಂದೇ ವಾಕ್ಯ. ಸರ್, ಈ ಇಪ್ಪತ್ತಾರರಲ್ಲಿ ನಿಜವಾಗಿ ಯೋಜನೆ ಮಾಡಿದವಳು ಇವಳೊಬ್ಬಳೇ. ವಾಕ್ಯ ಬಾಯಿಯವರೆಗೂ ಬಂತು. ಅದರ ಹಿಂದೆಯೇ ಉಳಿದ ಇಪ್ಪತ್ತೈದು ಫೈಲುಗಳು, ಒಂಬತ್ತು ವರ್ಷದ ಶನಿವಾರಗಳು, ಮುಖ್ಯಸ್ಥರು ತೋರಿಸಿದ ಕುರ್ಚಿ, ಎಲ್ಲವೂ ಸಾಲಾಗಿ ಬಂದು ನಿಂತವು. ಸುಮ್ಮನಿದ್ದರೂ ಆಗುತ್ತಿತ್ತು. ಮೇಡಂ ಸುಮ್ಮನಿರಲಿಲ್ಲ.

"ತರಗತಿಗೆ ಸರಿಯಾಗಿ ಬರ್ತಿರಲಿಲ್ಲ ಸರ್," ಎಂದರು.

ಪರೀಕ್ಷಕರು ತಲೆದೂಗಿ ಮೂವತ್ತಕ್ಕೆ ನಾಲ್ಕು ಬರೆದರು. ಆಮೇಲೆ ಚಹಾ ಬಂತು.

ಹುಡುಗಿ ಫೇಲಾದಳು. ಸ್ಟುಡಿಯೊದ ಕೆಲಸ ಬೇರೆಯವರ ಪಾಲಾಯಿತು. ಫಲಿತಾಂಶದ ದಿನ ಅವಳು ನೋಟಿಸ್ ಬೋರ್ಡಿನ ಮುಂದೆ ತುಸು ಹೊತ್ತು ನಿಂತು, ಯಾರನ್ನೂ ಏನನ್ನೂ ಕೇಳದೆ ಮೆಟ್ಟಿಲಿಳಿದು ಹೋದದ್ದನ್ನು ಮೇಡಂ ಕಿಟಕಿಯ ಕಪ್ಪು ಬಟ್ಟೆಯ ಸಂದಿಯಿಂದ ನೋಡಿದರು. ಇಪ್ಪತ್ತಾರರಲ್ಲಿ ಇಪ್ಪತ್ತೈದು ಪಾಸು ಎಂಬುದು ಮುಖ್ಯಸ್ಥರಿಗೆ ಧಾರಾಳ ಸಾಕಾಯಿತು. ಕಾಯಂ ಆದ ಕಾಗದ ತಂದು ತೋರಿಸಿದಾಗ ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಒಳ್ಳೇದಾಯ್ತು. ಆದ್ರೆ ನಿನ್ನ ಮುಖ ಯಾಕೆ ಹೀಗಿದೆ?"

"ತಲೆನೋವು."

"ಚಾರ್ಟಲ್ಲಿ ಬರ್ಕೋ," ಎಂದರು ಅಕ್ಕ. ಅಷ್ಟು ಹೇಳಿ ಒಳಗೆ ಹೋದರು.

ಫೇಲಾದವರು ಮುಂದಿನ ವರ್ಷದ ತಂಡದ ಜೊತೆ ಅದೇ ಚಿತ್ರಕ್ಕೆ ಹೊಸ ಫೈಲ್ ಮಾಡಿ ಒಪ್ಪಿಸಬಹುದು ಎಂಬ ಉದಾರ ನಿಯಮವೊಂದಿತ್ತು. ಮುಂದಿನ ವರ್ಷದ ಆ ಶನಿವಾರ ಮೇಡಂ ಬಾಗಿಲು ಹಾಕಿಸಿ ತಿರುಗಿದರೆ, ಮೊದಲನೇ ಬೆಂಚಿನಲ್ಲಿ ಲಿಫ್ಟ್ ನಡೆಸುವವನ ಮಗಳು ಪುಸ್ತಕ ತೆರೆದುಕೊಂಡು ಕೂತಿದ್ದಳು. ಕೂತದ್ದು ಮೂರನೇ ಬೆಂಚಿನಲ್ಲಾಗಿದ್ದರೆ ಮೇಡಂ ಅವರಿಗೆ ತುಸು ಉಪಕಾರವಾಗುತ್ತಿತ್ತು. ಪಾಠ ನಿಲ್ಲಿಸುವ ಹಾಗಿರಲಿಲ್ಲ. ಮೊದಲು ಚಿತ್ರ, ಆಮೇಲೆ ಯೋಜನೆ ಎಂದರು, ಅವಳು ಬರೆದುಕೊಂಡಳು. ತಾರೀಖಿನ ಬಗ್ಗೆ ಹೇಳಿದರು, ಅದನ್ನೂ ಬರೆದುಕೊಂಡಳು. ಪೆನ್ನುಗಳ ವಿಷಯಕ್ಕೆ ಬಂದಾಗ ಮೇಡಂ ನಡುವೆ ನಿಲ್ಲಿಸಿ ನೀರು ಕುಡಿದರು. ಅವಳು ತಲೆಯೆತ್ತಿ, ಮುಂದಿನದಕ್ಕಾಗಿ ಕಾದಳು.

ತಿಂಗಳ ನಂತರ ಫೈಲ್ ತಂದಳು. ಪರೀಕ್ಷಕರಿಗೆ ಹೋಗುವ ಮುಂಚೆ ಮೇಡಂ ನೋಡಿ ಸಹಿ ಹಾಕಬೇಕು. ಸ್ಟೋರಿಬೋರ್ಡಿನಲ್ಲಿ ಮೂರೇ ಚೌಕ: ಬೆನ್ನು, ಕೈ, ಬಾಗಿಲು. ಎಲ್ಲೂ ಒಂದು ಗೆರೆ ಹೊಡೆದಿರಲಿಲ್ಲ. 'ಮುಖ ತೋರಿಸಬಾರದೆಂಬುದು ಮೊದಲೇ ಮಾಡಿದ ನಿರ್ಧಾರ' ಎಂದಿತ್ತು. ದಿನಚರಿಯ ಎರಡನೇ ಪುಟದಲ್ಲಿ 'ಅಪ್ಪ ಸಂತೋಷದಿಂದ ಒಪ್ಪಿಕೊಂಡರು' ಎಂದಿತ್ತು. ಬೆರಳಿಟ್ಟು ತೋರಿಸುವಂಥ ಒಂದು ಲೋಪವೂ ಇರಲಿಲ್ಲ. ಮೂವತ್ತಕ್ಕೆ ಇಪ್ಪತ್ತೊಂಬತ್ತು ಖಂಡಿತ.

ಮೇಡಂ ಆ ಎರಡನೇ ಪುಟವನ್ನು ಇನ್ನೊಂದು ಸಲ ಓದಿದರು.

"ಹಳೇ ಫೈಲ್ ಇಟ್ಕೊಂಡಿದೀಯೇನಮ್ಮ?"

"ಇಲ್ಲ ಮೇಡಂ. ತಪ್ಪಾಗಿತ್ತಲ್ಲ, ಹರಿದು ಹಾಕಿದೆ."

ಮೇಡಂ ಪೆನ್ನು ತೆಗೆದರು. ಸಹಿ ಹಾಕಲಿಲ್ಲ. "ನಿಮ್ಮಪ್ಪ ಇದನ್ನ ನೋಡಿದ್ರಾ?"

"ಓದಿದ್ರು ಮೇಡಂ. ನಾನು ಯಾವಾಗಮ್ಮ ಸಂತೋಷದಿಂದ ಒಪ್ಕೊಂಡೆ, ಅಂತ ಕೇಳಿದ್ರು."

"ನೀನೇನಂದೆ?"

"ಹೀಗೇ ಬರೀಬೇಕು ಅಂತ ನಮ್ಮ ಮೇಡಂ ಹೇಳ್ಕೊಟ್ಟಿದಾರೆ ಅಂದೆ." ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು ಅಷ್ಟೆ. "ಹಾಗಾದ್ರೆ ಸರಿಯೇ ಇರತ್ತೆ ಬಿಡಮ್ಮ, ಕಲಿಸೋರಿಗೆ ಗೊತ್ತಿರಲ್ವಾ, ಅಂದ್ರು ಅಪ್ಪ."