ಕರೆಮ್ಮನ ಕೈಯ ಅಳತೆ

ನೆಲ್ಲು ಹಚ್ಚುವುದರಲ್ಲಿ, ಅಂದರೆ ಭತ್ತದ ಸಸಿ ನಾಟಿ ಮಾಡುವುದರಲ್ಲಿ, ದೋರನಹಳ್ಳಿಯ ಕರೆಮ್ಮನನ್ನು ಹಿಂದಿಕ್ಕಿದವರನ್ನು ನಾನು ಕಂಡಿಲ್ಲ. ಕಾಲುವೆಗೆ ನೀರು ಬರುವ ಮೊದಲು ಆಕೆಯೂ ಎಲ್ಲರ ಹಾಗೆ ಜೋಳದ ಹೊಲದಲ್ಲಿ ಕಸ ತೆಗೆದವಳೇ. ನೀರು ಬಂತು, ಕರಿ ಮಣ್ಣು ಕೆಸರಾಯಿತು, ನಮ್ಮ ಹೆಂಗಸರು ಬಾಗಿ ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುವುದನ್ನು ಕಲಿತರು. ಎರಡೇ ಹಂಗಾಮಿನಲ್ಲಿ ಕರೆಮ್ಮ ಕಲಿಸಿದವರನ್ನೇ ಮೀರಿಸಿದಳು.

ಸಾಲಿನ ತುದಿಗೆ ಆಕೆ ನಿಂತರೆ ಉಳಿದ ಹತ್ತೊಂಬತ್ತು ಮಂದಿ ಆಕೆಯ ಕೈ ನೋಡಿಕೊಂಡೇ ಸರಿಯಬೇಕು. ನಿಧಾನದವಳು ಹಿಂದುಳಿದರೆ ಅಕ್ಕಪಕ್ಕದವರು ಆಕೆಯ ಬೆನ್ನ ಹಿಂದಿನ ಜಾಗವನ್ನೂ ತುಂಬಿಬಿಡುತ್ತಿದ್ದರು. ಸುತ್ತ ಸಸಿ, ನಡುವೆ ಆಕೆ ಒಬ್ಬಳು. ನಗುವೋ ನಗು, ಕರೆಮ್ಮನದೇ ಎಲ್ಲಕ್ಕಿಂತ ಜೋರು. ಆದರೆ ಹಾಗೆ ಎರಡು ಸಲ ಸಿಕ್ಕಿಕೊಂಡವಳನ್ನು ಹೊಲದ ಮಾಲೀಕ ಶಾಂತಪ್ಪ ಸಾಹುಕಾರ ಮರುದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ನಾನು ಆಗ ಕೂಲಿಕಾರರ ಸಂಘದ ಕಾರ್ಯದರ್ಶಿ. ಮ್ಯಾಟ್ರಿಕ್ ಪಾಸಾದ ಸೊಕ್ಕು, ಹೆಗಲಿಗೆ ಚೀಲ, ಬಾಯಿ ತುಂಬ ಭಾಷಣ. ನಮ್ಮ ಬೇಡಿಕೆಯೇನೂ ದೊಡ್ಡದಲ್ಲ: ಮಧ್ಯಾಹ್ನ ಒಂದು ತಾಸು ಬಿಡುವು, ಸಂಜೆ ಐದಕ್ಕೆ ಮನೆಗೆ. ಸಾಹುಕಾರ ನಕ್ಕುಬಿಟ್ಟ.

“ಕರೆಮ್ಮ ಬಿಡುವು ಕೇಳ್ಯಾಳೇನೋ ದೇವಿಂದ್ರ? ಆಕಿಗಿ ಬ್ಯಾಡಾದದ್ದು ನಿಮಗ್ಯಾಕೋ ಬೇಕು? ಆಕಿ ಕೈನೇ ನನ್ನ ಅಳತಿ.”

ಕರೆಮ್ಮನ ಮನೆಗೆ ಹೋಗಿ, ಅಕ್ಕ, ಸ್ವಲ್ಪ ಕೈ ಸಡಿಲ ಬಿಡು ಎಂದೆ. ಆಕೆ ಸಿಡಿದಳು.

“ನನ್ನ ಕೈ ಏನ್ ತಪ್ಪ ಮಾಡ್ಯಾವೋ ತಮ್ಮ? ಈ ಊರಾಗ ನನ್ನ ಹೆಸರು ನಾಕು ಮಂದಿಗಿ ಗೊತ್ತಿರೋದು ಈ ಕೈ ಸಲುವಾಗಿ. ನೀ ಭಾಷಣ ಮಾಡು, ನಾ ಹಚ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಸಾಹುಕಾರನ ಚಮಚಾ ಎಂದು ಆಕೆಯನ್ನು ಓಣಿ ತುಂಬ ಬೈದುಕೊಂಡು ತಿರುಗಿದೆ.

ಆ ವಾರವೇ ಅದು ನಡೆಯಿತು. ಕರೆಮ್ಮನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಬಾಲಮ್ಮ, ಮೂರು ತಿಂಗಳ ಬಾಣಂತಿ, ಕೂಸನ್ನು ಬದುವಿನ ಜಾಲಿ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ ಸಾಲಿಗೆ ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಎದ್ದು ಅಳತೊಡಗಿತು. ಬಾಲಮ್ಮ ಸಸಿಗಳ ನಡುವೆ ಸಿಕ್ಕಿಕೊಂಡಿದ್ದಳು. ಎದೆಯ ಹಾಲು ಇಳಿದು ಕುಪ್ಪಸ ತೊಯ್ದಿತ್ತು. ಹೊರಗೆ ಬರಬೇಕೆಂದರೆ ಹಚ್ಚಿದ ಸಸಿ ತುಳಿಯಬೇಕು.

“ಸಾಲು ಮುಗಿಸಿ ಬಾರವ್ವ,” ಎಂದ ಸಾಹುಕಾರ ಬದುವಿನ ಮೇಲಿಂದ. ಕೆಟ್ಟ ಮನುಷ್ಯನೇನಲ್ಲ, ಸಸಿ ಮಾತ್ರ ಕಾಣುತ್ತಿತ್ತು ಅವನಿಗೆ.

ಆ ದಿನ ಯಾರೂ ನಗಲಿಲ್ಲ. ಕರೆಮ್ಮ ನಡು ನೆಟ್ಟಗೆ ಮಾಡಿ ಒಂದು ಗಳಿಗೆ ನೋಡಿದಳು. ಆಮೇಲೆ ಸಸಿ ತುಳಿಯುತ್ತಲೇ ನೆಟ್ಟಗೆ ನಡೆದು ಹೋಗಿ ಬಾಲಮ್ಮನ ಕೈ ಹಿಡಿದು ಬದುವಿಗೆ ಕರೆತಂದಳು. ಸಂಜೆ ನನ್ನ ಮನೆ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು:

“ನನ್ನ ಕೈ ಆಕಿ ಸುತ್ತ ಗ್ವಾಡಿ ಕಟ್ಟ್ಯಾವ, ತಮ್ಮ.”

ಮರುದಿನ ಸಾಲಿನ ತುದಿಗೆ ಬಾಲಮ್ಮನನ್ನು ನಿಲ್ಲಿಸಿದಳು. “ಇವತ್ತಿಂದ ಈಕಿ ಕೈನೇ ಅಳತಿ. ಯಾರೂ ದಾಟಂಗಿಲ್ಲ.” ಇಪ್ಪತ್ತು ಮಂದಿಯೂ ಬಾಲಮ್ಮನ ಹದಕ್ಕೆ ಸರಿದರು. ಕೂಸು ಅತ್ತಾಗ ಬಾಲಮ್ಮ ಎದ್ದಳು, ಅವಳ ಜೊತೆ ಎಲ್ಲರೂ ಎದ್ದರು. ಸಂಜೆಗೆ ಅರ್ಧ ಹೊಲ ಹಾಗೇ ಉಳಿಯಿತು. ಸಾಹುಕಾರ ಕೂಗಾಡಿದ, ವಡಗೇರಾ ಕಡೆ ಆಳು ಹುಡುಕಿಸಿದ. ಆದರೆ ಕಾಲುವೆ ನೀರು ಎಲ್ಲರಿಗೂ ಒಮ್ಮೆಲೇ ಬಂದಿತ್ತು. ಬಿಡುವಾಗಿದ್ದ ಕೈ ಎಲ್ಲೂ ಇರಲಿಲ್ಲ. ಕಿತ್ತಿಟ್ಟ ಸಸಿಯ ಕಟ್ಟುಗಳು ಹಳದಿಗೆ ತಿರುಗಿದವು. ಮೂರನೆಯ ದಿನ ಅವನೇ ಬಂದ.

“ಆತು ಬಿಡ್ರವ್ವ. ಒಂದು ತಾಸು ತಗೋರಿ. ಐದಕ್ಕ ಹೋಗ್ರಿ.”

ಉಳಿದ ಮಾಲೀಕರೂ ತಿಂಗಳೊಳಗೆ ಒಪ್ಪಿದರು. ಸಂಘದ ವರದಿಯಲ್ಲಿ ನಾನು ಹೋರಾಟಕ್ಕೆ ಜಯ ಎಂದು ಬರೆದೆ. ಕರೆಮ್ಮನ ಹೆಸರು ಬರೆಯಲಿಲ್ಲ.

ಸಾಹುಕಾರ ಒಪ್ಪಿದ ಮರುದಿನ, ಮೊದಲ ಬಿಡುವಿನ ತಾಸನ್ನು ನೋಡಲೆಂದೇ ಹೊಲಕ್ಕೆ ಹೋಗಿದ್ದೆ. ಹೆಂಗಸರು ರೊಟ್ಟಿ ಉಂಡು ನೆರಳಿಗೆ ಅಡ್ಡಾಗಿದ್ದರು. ಬಾಲಮ್ಮ ಕೂಸಿಗೆ ಹಾಲು ಕೊಡುತ್ತಿದ್ದಳು. ಕರೆಮ್ಮ ಮಾತ್ರ ಇಲ್ಲ. ಹುಡುಕಿದರೆ, ದೂರದ ಮೂಲೆಯ ಮಡಿಯಲ್ಲಿ ಒಬ್ಬಳೇ ಬಾಗಿ ಸಸಿ ಹಚ್ಚುತ್ತಿದ್ದಾಳೆ. ಅದೇನು ಕೈ! ಬೆರಳು ನೀರಿಗೆ ತಾಕಿದ್ದೂ ಕಾಣದಷ್ಟು ಚುರುಕು. ನಾನು ಒಂದಿಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ನಿಂತೆ. ಆಮೇಲೆ ನನ್ನೊಳಗಿನ ಕಾರ್ಯದರ್ಶಿ ಎಚ್ಚರಾದ.

“ಅಕ್ಕ, ಏನ್ ಮಾಡಾಕತ್ತಿ? ಸಾಹುಕಾರ ನೋಡಿದರ ಮತ್ತ ನಿನ್ನ ಕೈನೇ ಅಳತಿ ಅಂತಾನ!”

ಆಕೆ ತಲೆ ಎತ್ತಿದಳು. ಸಿಕ್ಕಿಬಿದ್ದವರ ಮುಖ.

“ಗೊತ್ತೈತಿ, ತಮ್ಮ. ಬೆರಳು ತಡೀಲಿಲ್ಲ. ಯಾರೂ ನೋಡಿಲ್ಲಲ್ಲ?”

“ಹೊರಗ ಬಾ,” ಎಂದೆ.

ಆಕೆ ಬಾಗಿ, ಹಚ್ಚಿದ ಸಸಿಗಳನ್ನೆಲ್ಲ ಒಂದೊಂದಾಗಿ ಕಿತ್ತಳು. ಬೇರು ತೊಳೆದು ಕಟ್ಟು ಕಟ್ಟಿ ಬದುವಿನ ಮೇಲಿಟ್ಟಳು. ಹೋಗಿ ಬಾಲಮ್ಮನ ಪಕ್ಕ ಕೂತಳು. ಆ ವೇಗದ ಕೈಯನ್ನು ಊರಲ್ಲಿ ಮತ್ತೆ ಯಾರೂ ನೋಡಲಿಲ್ಲ.

ಆ ದಿನ ಆ ಮಡಿಯ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಕಾವಲು ನಿಂತು, ಇನ್ನೊಂದು ಸಾಲು ಹಚ್ಚಕ್ಕ ಎನ್ನಬಹುದಿತ್ತು. ಅನ್ನಲಿಲ್ಲ.