ಅಲ್ಲಿ ನಮ್ಮವರು ಯಾರಿದ್ದಾರೆ?

ಹಾಲೆಂಡಿಗೆ ಓದಲು ಹೋಗುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನಮ್ಮವರು ಯಾರಿದ್ದಾರೆ?" ಯಾವ ಕೋರ್ಸು, ಎಂಥ ಚಳಿ, ಊಟಕ್ಕೇನು ಗತಿ, ಅದೊಂದೂ ಅವಳಿಗೆ ಬೇಡ. ಯಾರೂ ಇಲ್ಲ ಎಂದೆ. "ಮತ್ತೆ ಎಂಥ ಮಾತಾಡ್ತಿ ನೀನು" ಎಂದವಳೇ ಅಕ್ಕಿ ತೊಳೆಯಲು ಎದ್ದು ಹೋದಳು. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಉಡುಪಿ ಕಡೆಯಿಂದ ಬಂದು ಇಲ್ಲಿ ಕಲ್ಯಾಣ, ಡೊಂಬಿವಲಿ ಕಡೆ ಹೋಟೆಲು ಹಾಕಿದವರ ಮನೆಗಳಲ್ಲಿ ಇದು ಕಾನೂನಿದ್ದ ಹಾಗೆ. ಅಪ್ಪ ಹುಡುಗನಾಗಿದ್ದಾಗ ಕಲ್ಯಾಣಕ್ಕೆ ಬಂದದ್ದು ಸೋದರಮಾವನ ಹೋಟೆಲಿಗೆ. ಮಲಗಿದ್ದು ಅದರ ಅಟ್ಟದಲ್ಲಿ. ಅಮ್ಮ ಮದುವೆಯಾಗಿ ಡೊಂಬಿವಲಿಗೆ ಬಂದಾಗ ನಮ್ಮ ಮಹಡಿಯಲ್ಲೇ ನಮ್ಮವರ ಇನ್ನೆರಡು ಮನೆಗಳಿದ್ದವು. ನಮ್ಮವರು ಇಲ್ಲದ ಊರಿಗೆ ನಮ್ಮವರು ಹೋಗುವುದಿಲ್ಲ. "ಹಾಗಾದರೆ ಎಲ್ಲರಿಗಿಂತ ಮೊದಲು ಬಂದವನು ಯಾರನ್ನು ನಂಬಿ ಬಂದ?" ಎಂದು ನಾನು ಕೇಳಿದೆ. ವಾದದಲ್ಲಿ ಗೆದ್ದೆ ಎಂದೇ ಅಂದುಕೊಂಡಿದ್ದೆ.

"ಅದನ್ನು ಅವನ ಅಮ್ಮನ ಹತ್ರ ಕೇಳ್ಬೇಕು" ಎಂದಳು.

ಆಗ ನಾನು ರಬಾಳೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆಯಿಂದ ಹೊರಗೆ ಬಿಡುವ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ. ಬೆಳಗಿನ ಹೊತ್ತು ಡೊಂಬಿವಲಿಯ ನೂಕುನುಗ್ಗಲಿನಲ್ಲಿ ರೈಲಿನ ಲೇಡೀಸ್ ಡಬ್ಬಿ ಹತ್ತುವವಳು ಪ್ರಪಂಚದ ಯಾವ ಮೂಲೆಯಲ್ಲೂ ಬದುಕುತ್ತಾಳೆ ಎಂದು ನಾನು ಹಟ ಹಿಡಿದೆ. ಅಮ್ಮ ಅದಕ್ಕೂ ಬಗ್ಗಲಿಲ್ಲ. "ಇಲ್ಲಿ ಬಿದ್ರೆ ಎತ್ತಲಿಕ್ಕೆ ನಾಲ್ಕು ಜನ ಇರ್ತಾರೆ. ಬೈಕೊಂಡಾದ್ರೂ ಎತ್ತುತ್ತಾರೆ." ಅದು ನಿಜವೇ. ನನ್ನನ್ನು ಎತ್ತಿದ್ದಾರೆ, ಬೈದೂ ಇದ್ದಾರೆ.

ಸೀಟು ಸಿಕ್ಕಿತ್ತು, ವೀಸಾ ಆಗುವುದರಲ್ಲಿತ್ತು. ಆದರೂ ಅಮ್ಮ ಬೇಡ ಎಂದರೆ ಬ್ಯಾಗು ಹೊತ್ತುಕೊಂಡು ಹೊರಟುಬಿಡುವ ಗಂಡೆದೆ ನನಗಿರಲಿಲ್ಲ. ಬಾಯಿ ಮಾತ್ರ ಜೋರು. ಇದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಹತ್ತಿರ ವಾದ ಮಾಡುವುದಕ್ಕಿಂತ ಹಾಲೆಂಡಿನಲ್ಲಿ ಒಬ್ಬ ನಮ್ಮವನನ್ನು ಹುಡುಕುವುದೇ ಸುಲಭ ಎಂದು ಅವರು ತೀರ್ಮಾನಿಸಿದರು.

ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂತಲ್ಲಿಂದಲೇ ಅಪ್ಪನ ಹುಡುಕಾಟ ನಡೆಯಿತು. ಠಾಣೆಯಿಂದ ಖಾರಘರದವರೆಗೆ ಗುರುತಿನ ಹೋಟೆಲಿನವರಿಗೆಲ್ಲ ಫೋನು. ಎಲ್ಲರ ಮನೆಯಲ್ಲೂ ದುಬೈಯಲ್ಲಿ ಒಬ್ಬ ಅಳಿಯ, ಮಸ್ಕತ್ತಿನಲ್ಲಿ ಒಬ್ಬ ಭಾವ. ಹಾಲೆಂಡಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಖಾರಘರದವರೊಬ್ಬರು, "ಬೆಲ್ಜಿಯಮ್ಮಲ್ಲಿ ಒಬ್ಬ ಇದ್ದಾನೆ, ನಡೀತದಾ?" ಎಂದು ಕೇಳಿದರಂತೆ, ಇಡ್ಲಿ ಖಾಲಿ, ವಡೆ ಕೊಡ್ಲಾ ಎನ್ನುವವರ ಹಾಗೆ. ಅಪ್ಪ ಅದನ್ನು ಮನೆಗೆ ಬಂದು ಹೇಳಿ ತಾವೇ ನಕ್ಕರು. ಅಮ್ಮ ನಗಲಿಲ್ಲ.

ಕೊನೆಗೆ ಸಿಕ್ಕಿದ್ದು ಗಲ್ಲಾದ ಎದುರಿನ ಮೇಜಿನಲ್ಲೇ. ಉಲ್ಹಾಸನಗರದ ಸಿಂಧಿ ಬಟ್ಟೆ ವ್ಯಾಪಾರಿಯೊಬ್ಬರು ದಿನಾ ಅಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ತಂಗಿ ಮದುವೆಯಾಗಿ ಹೋದದ್ದು ಹಾಲೆಂಡಿಗೆ. ನಾನು ಓದಬೇಕಾಗಿದ್ದ ಸಣ್ಣ ಊರಿನಲ್ಲಿಯೇ ಗಂಡ ಹೆಂಡತಿಯದು ಹೊಲಿಗೆ ಅಂಗಡಿ. ಅಪ್ಪ ಆ ದಿನ ಮಧ್ಯಾಹ್ನವೇ ಮನೆಗೆ ಬಂದುಬಿಟ್ಟರು.

"ಸಿಂಧಿಯವರು ನಮ್ಮವರು ಹೇಗಾಗ್ತಾರೆ?" ಎಂದಳು ಅಮ್ಮ.

"ಎಷ್ಟೋ ವರ್ಷದಿಂದ ನಮ್ಮ ಕಾಫಿ ಕುಡೀತಾನೆ ಮಾರಾಯ್ತಿ."

"ಕಾಫಿ ಕುಡಿದವರೆಲ್ಲ ನಮ್ಮವರಾದ್ರೆ ಅರ್ಧ ಕಲ್ಯಾಣ ನಮ್ಮದೇ ಆಯ್ತು."

ಆದರೆ ಅಪ್ಪ ಬಿಡಲಿಲ್ಲ. ಆ ತಂಗಿಯ ಅಮ್ಮ ಉಲ್ಹಾಸನಗರದಲ್ಲೇ ಇದ್ದಾರೆ, ಒಮ್ಮೆ ಹೋಗಿ ನೋಡಿ ಬಾ, ಆಮೇಲೆ ಬೇಡ ಎನ್ನು ಎಂದರು. ಒಂದು ಭಾನುವಾರ ನಾನೂ ಅಮ್ಮನೂ ಉಲ್ಹಾಸನಗರದ ಮೇಲೆ ಹೋಗುವ ಬದಲಾಪುರದ ಗಾಡಿ ಹತ್ತಿದೆವು. ಹೆಣ್ಣು ನೋಡಲು ಹೊರಟವಳ ಹಾಗೆ ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು: "ನೀರು ಕುಡಿದು ಬರುದು, ಅಷ್ಟೇ. ತಿನ್ಲಿಕ್ಕೆ ಕೂರುದು ಬೇಡ." ಹೊರಗಿನವರ ಮನೆಯಲ್ಲಿ ಅವಳು ಏನನ್ನೂ ತಿನ್ನುವವಳಲ್ಲ.

ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಅವರ ಮನೆ. ಅಜ್ಜಿ ಬಿಳಿ ದುಪಟ್ಟಾ ಹೊದ್ದು ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ಕೂರಿಸಿ ಒಳಗೆ ಹೋದವರು ತಟ್ಟೆಯಲ್ಲಿ ಸುಟ್ಟ ಹಪ್ಪಳ ಮತ್ತು ಎರಡು ಲೋಟ ನೀರು ತಂದು ಮುಂದಿಟ್ಟರು. ಸಿಂಧಿಯವರ ಮನೆಗೆ ಯಾರೇ ಬಂದರೂ ಮೊದಲು ಕೊಡುವುದು ಅದನ್ನೇ. ನಮ್ಮ ಮನೆಗಳಲ್ಲಿ ಚಹಾ ಬೇಕಾ ಎಂದು ಕೇಳುವ ಹಾಗೆ. ಆದರೆ ಇದು ಅಮ್ಮನಿಗೂ ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹಪ್ಪಳ ಬಂತು ಎಂದರೆ ಊಟ ಬಡಿಸಲು ಶುರುವಾಯಿತು ಎಂದೇ ಅರ್ಥ. ಅಮ್ಮ ನನ್ನನ್ನು ನೋಡಿದಳು, ನಾನು ಅಮ್ಮನನ್ನು ನೋಡಿದೆ. ಬಡಿಸಿದ ಮೇಲೆ ಏಳುವುದು ಅನ್ನಕ್ಕೆ ಮಾಡುವ ಅವಮಾನ. "ಇನ್ನೆಂಥ ಮಾಡುದು" ಎಂದು ಗೊಣಗಿ ಅಮ್ಮ ಎದ್ದು ಬಚ್ಚಲೆಲ್ಲಿ ಎಂದು ಕೇಳಿ ಕೈ ತೊಳೆದು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಅಜ್ಜಿ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಸೋಫಾ ಬಿಟ್ಟು ನೆಲಕ್ಕೆ ಕೂತ ಇಬ್ಬರು ಹೆಂಗಸರು ಒಂದು ಹಪ್ಪಳದ ತಟ್ಟೆಯ ಮುಂದೆ ಕಾಯುತ್ತಿದ್ದೇವೆ. ಆಮೇಲೆ ಏನು ಹೊಳೆಯಿತೋ, ಒಳಗೆ ಹೋಗಿ ಸೊಸೆಯನ್ನು ಕರೆದರು. ಪಾತ್ರೆಗಳ ಸದ್ದು ಶುರುವಾಯಿತು. ಅವರ ಮನೆಯವರಿಗಾಗಿ ಮಾಡಿದ್ದ ಅನ್ನ, ಕಡಲೆಹಿಟ್ಟಿನ ಕಢಿ, ಅದರಲ್ಲಿ ನುಗ್ಗೆಕಾಯಿ, ಬೆಂಡೆಕಾಯಿ, ಎಲ್ಲ ನಮ್ಮ ಮುಂದೆ ಬಂತು. ಅಜ್ಜಿ ತಾವೂ ನಮ್ಮೆದುರು ನೆಲಕ್ಕೇ ಕೂತರು, ಮಂಡಿ ನೋಯುತ್ತಿದ್ದರೂ. ಮಾಂಸ ಬಿಟ್ಟು ಎಷ್ಟೋ ಕಾಲವಾಯಿತು, ಈ ಅಡುಗೆಮನೆಗೆ ಅದು ಬರುವುದಿಲ್ಲ ಎಂದು ಕೇಳದೆಯೇ ಹೇಳಿದರು. ಅಮ್ಮ ಕಢಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು.

ತಾನು ಬಂದ ಕೆಲಸವನ್ನು ಅಮ್ಮ ಮರೆತಿರಲಿಲ್ಲ. ತನ್ನ ಹೋಟೆಲ್ ಹಿಂದಿಯಲ್ಲಿ, "ಆಪ್‌ಕಾ ಬೇಟಿ ಉಧರ್ ಖುಷ್ ಹೈ ಕ್ಯಾ?" ಎಂದಳು, ನಿಮ್ಮ ಮಗಳು ಅಲ್ಲಿ ಸುಖವಾಗಿದ್ದಾಳಾ ಎಂದು. ಅಜ್ಜಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಾವು ಚಿಕ್ಕವರಿದ್ದಾಗ ಇದ್ದ ಮನೆಯೂ ದೇಶ ಎರಡಾದಾಗ ಬೇರೆ ದೇಶದಲ್ಲಿ ಉಳಿಯಿತು, ಈಗ ಮಗಳ ಮನೆಯೂ ಬೇರೆ ದೇಶದಲ್ಲಿದೆ, ನಡುವೆ ತಾವು ಇಲ್ಲಿ ಇದ್ದೇವೆ ಎಂದರು.

ಉಲ್ಹಾಸನಗರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗಾಡಿ ಕಾಯುವಾಗ ತೀರ್ಪು ಬಂತು. "ಅವರ ಮನೆಯಲ್ಲಿ ಉಂಡಾಯ್ತು. ಇನ್ನು ಹೊರಗಿನವರು ಅನ್ಲಿಕ್ಕೆ ಬಾಯಿ ಬರುದಿಲ್ಲ. ಹೋಗು. ಎರಡು ವರ್ಷ. ಓದು, ಬಾ." ಆಯ್ತು ಎಂದೆ. ಆ ಹೊತ್ತಿನಲ್ಲಿ ಅವಳು ಏನು ಹೇಳಿದ್ದರೂ ಆಯ್ತು ಎನ್ನುತ್ತಿದ್ದೆ.

ಹಾಲೆಂಡಿನ ಆ ಊರಿನಲ್ಲಿ ರೈಲಿಳಿದಾಗ ಆ ಅಜ್ಜಿಯ ಮಗಳು ಸೈಕಲ್ಲು ಹಿಡಿದು ನಿಂತಿದ್ದರು. ನಾನು ಅವರನ್ನು ದೀದಿ ಎನ್ನುತ್ತೇನೆ. "ಉಲ್ಹಾಸನಗರ್ ಕೀ ಹೈ ನಾ ತೂ?" ಎಂದರು. ಅಲ್ಲ, ಡೊಂಬಿವಲಿ ಎಂದೆ. "ಏಕ್ ಹೀ ಬಾತ್ ಹೈ" ಎಂದುಬಿಟ್ಟರು. ಇಲ್ಲಿ ಯಾರಾದರೂ ಡೊಂಬಿವಲಿಯನ್ನೂ ಉಲ್ಹಾಸನಗರವನ್ನೂ ಒಂದೇ ಎಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ನಮಗೆ ನಮ್ಮ ಊರಿನ ಬಗ್ಗೆ ಅಷ್ಟು ಕೊಬ್ಬು. ಅಲ್ಲಿ ಮಾತ್ರ ಆ ಮಾತಿಗೆ ಅಳು ಬಂತು. ಮೊದಲ ಚಳಿಗಾಲ ಕಳೆದದ್ದು ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಪೆಟ್ಟಿಗೆಯ ಬಿಸಿಗೆ ಕೈ ಕಾಯಿಸಿಕೊಂಡು. ಅವರಿಲ್ಲದಿದ್ದರೆ ಓಡಿ ಬರುತ್ತಿದ್ದೆ. ಅಮ್ಮನ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಓದು ಮುಗಿಯಿತು. ಆ ಊರಿನ ಕೊಳಚೆ ನೀರು ಶುದ್ಧ ಮಾಡುವ ಕಡೆ ಕೆಲಸ ಸಿಕ್ಕಿತು. "ಅಲ್ಲಿಗೆ ಹೋಗಿ ಸಹ ಚರಂಡಿ ನೀರೇ ನೋಡುದಾ?" ಎಂದು ಅಮ್ಮ ಕೇಳಿದಳು. ಒಂದು ವರ್ಷ ಅನುಭವಕ್ಕೆ ಎಂದೆ. ಆಮೇಲೆ ಇನ್ನೊಂದು ವರ್ಷ ಎಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ನಿಧಾನಕ್ಕೆ. ಒಂದು ಸಲ ರಜೆ ಮುಗಿಸಿ ಅಲ್ಲಿಗೆ ಮರಳಿ ಬೀಗ ತೆಗೆಯುವಾಗ, ಸದ್ಯ ಮನೆಗೆ ಬಂದೆ ಎಂದು ಬಾಯಲ್ಲೇ ಬಂತು. ನಿಂತಲ್ಲೇ ಹೆದರಿಬಿಟ್ಟೆ.

ಡೊಂಬಿವಲಿಯ ಲೆಕ್ಕದಲ್ಲಿ ಮಾತ್ರ ನಾನು ಇನ್ನೂ ಓದುತ್ತಲೇ ಇದ್ದೆ. ನಾವು ಕಾಕು ಎನ್ನುವ ಬಿಲ್ಡಿಂಗಿನ ಮರಾಠಿ ಹೆಂಗಸೊಬ್ಬರು ಲಿಫ್ಟಿನಲ್ಲಿ ನನ್ನೆದುರೇ ಕೇಳಿದರು, "ಅಜೂನ್ ಶಿಕ್ತೇಯ್ ಕಾ ಹೀ?" ಇವಳಿನ್ನೂ ಓದುತ್ತಿದ್ದಾಳಾ ಎಂದು. ಅಮ್ಮ ಕಣ್ಣು ಮಿಟುಕಿಸದೆ, "ಹೋ, ಮೋಠಾ ಕೋರ್ಸ್ ಆಹೇ" ಎಂದಳು. ದೊಡ್ಡ ಕೋರ್ಸಂತೆ. ಮನೆಗೆ ಬಂದು ನಾನು ಹಾರಾಡಿದೆ, ನನ್ನನ್ನು ಏನು ಪ್ರತಿ ವರ್ಷ ಫೇಲಾಗುವವಳು ಅಂದುಕೊಂಡಿದ್ದೀಯಾ ಎಂದು. "ಬಿಡು ಮಾರಾಯ್ತಿ, ಅವಳು ಕಾಕುಗೆ ಹೇಳಿದ್ದಲ್ಲ ಅದು, ತನಗೇ ಹೇಳಿಕೊಂಡದ್ದು" ಎಂದರು ಅಪ್ಪ. ನಾನು ಬಂದಾಗಲೆಲ್ಲ ಅಮ್ಮ ಎಲ್ಲಿಗಾದರೂ ಕರೆದುಕೊಂಡು ಹೋಗುವಳು. ಒಂದು ವರ್ಷ ಖಾರಘರದ ಗುಡ್ಡದ ಬುಡದಲ್ಲಿ ಎದ್ದ ಕಟ್ಟಡಗಳನ್ನು ತೋರಿಸಿ, "ಇಲ್ಲಿ ಗಾಳಿ ಒಳ್ಳೇದುಂಟು, ನೀ ಬಂದ ಮೇಲೆ ಇಲ್ಲೇ ಮನೆ ನೋಡ್ಬಹುದು" ಎಂದಳು. ನಾನು ಗುಡ್ಡ ನೋಡಿದೆ.

ಈ ಸಲ ಹೇಳಿಯೇ ತೀರುವುದು ಎಂದು ಬಂದಿದ್ದೆ. ಅಲ್ಲಿ ಕಾಯಮ್ಮಾಗಿ ಇರಲು ಒಪ್ಪಿಗೆ ಸಿಕ್ಕಿತ್ತು. ಕಾಲುವೆಯ ಪಕ್ಕ ಒಂದು ಸಣ್ಣ ಮನೆ ಗೊತ್ತು ಮಾಡಿದ್ದೆ. ಠಾಣೆಗೆ ಸೀರೆ ಕೊಳ್ಳಲು ಹೋಗಿ ಮರಳುವಾಗ ಸ್ಲೋ ಗಾಡಿಯಲ್ಲಿ ಅಮ್ಮನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು, ಎದುರು ನಾನು. ಮುಂಬ್ರಾ ದಾಟುವಾಗ, "ಅಮ್ಮಾ, ಒಂದು ಮಾತು" ಎಂದೆ. "ದಿವಾ ಬಂತು, ಏಳು. ಈಗ ಬಾಗಿಲ ಹತ್ರ ಹೋಗದಿದ್ರೆ ಡೊಂಬಿವಲಿಯಲ್ಲಿ ಇಳೀಲಿಕ್ಕೆ ಆಗುದಿಲ್ಲ" ಎಂದು ಚೀಲ ಎದೆಗವಚಿಕೊಂಡು ಎದ್ದಳು. ದಿವಾ ಸ್ಟೇಷನ್ನು ಇನ್ನೂ ಬಂದಿರಲಿಲ್ಲ.

ಮರುದಿನ ಸಂಜೆ ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಅಮ್ಮನಿಗೆ ಫೋನು ಬಂತು. ಅವಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು, ಎರಡು ಕಡೆಯ ಮಾತೂ ಕೇಳುತ್ತಿತ್ತು. ಐರೋಲಿಯಲ್ಲಿರುವ ಹುಬ್ಬಳ್ಳಿ ಕಡೆಯ ಹೆಂಗಸು. ಅವರ ಮಗಳಿಗೂ ನಾನು ಓದಿದಲ್ಲೇ ಸೀಟು ಸಿಕ್ಕಿದೆ. ಹೋಟೆಲಿನಲ್ಲಿ ಅಪ್ಪನ ಹತ್ತಿರ ನಂಬರು ತೆಗೆದುಕೊಂಡಿದ್ದಾರೆ.

"ಅಲ್ಲೆ ನಮ್ಮವರಂತ ಯಾರರ ಅದಾರೇನ್ರಿ ಅಕ್ಕಾರ? ಒಬ್ಬಾಕಿನ್ನ ಹೆಂಗ ಕಳಸೂದು ಅಂತ ಎದಿ ಢವಢವ ಅಂತೈತಿ."

"ಉಂಟಲ್ಲ. ನನ್ನ ಮಗಳೇ ಅಲ್ಲಿರುದು" ಎಂದಳು ಅಮ್ಮ.

"ಅವರು ಓದು ಮುಗಿಸಿ ಹೊಳ್ಳಿ ಬರ್ತಾರೇನ್ರಿ ಮತ್ತ?"

ದೊಡ್ಡ ಕೋರ್ಸ್ ಎನ್ನುತ್ತಾಳೆ ಎಂದು ಕಾದೆ.

"ಇಲ್ಲ. ಅವಳು ಇನ್ನು ಅಲ್ಲಿಯವಳೇ. ಅದಕ್ಕೇ ಹೇಳುದು, ನೀವು ಧೈರ್ಯದಲ್ಲಿ ಕಳ್ಸಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮೊದಲು ಬರ್ತಾಳೆ ಅಂತ ಕಾಯುದು. ಮತ್ತೆ ಬರ್ಲಿಕ್ಕಿಲ್ಲ ಅಂತ ನಮಗೇ ಗೊತ್ತಾಗ್ತದೆ. ಹೇಳ್ಲಿಕ್ಕೆ ಅವಳಿಗೆ ಬಾಯಿ ಬರುದಿಲ್ಲ, ಕೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ಹಾಗೇ ಒಂದೊಂದು ವರ್ಷ ಹೋಗ್ತದೆ. ನೀವು ಹಾಗೆ ಮಾಡ್ಬೇಡಿ, ಕೇಳಿಬಿಡಿ."

ಅಮ್ಮ ನನ್ನ ನಂಬರು ಕೊಟ್ಟು ಫೋನಿಟ್ಟು ಒಳಗೆ ಬಂದಳು. ನಾನು ಹೆಚ್ಚಿದ ಬೀನ್ಸನ್ನು ಕೈಯಲ್ಲಿ ತೆಗೆದು ನೋಡಿ, ದಪ್ಪವಾಯ್ತು ಎಂದು ಗೊಣಗಿ, ಚೂರಿ ಕಿತ್ತುಕೊಂಡು ತಾನೇ ಕೂತಳು.

"ಕೇಳ್ತಲ್ಲ?"

"ಕೇಳ್ತು."

"ಹಾಂ. ಆ ಹುಡುಗಿಯನ್ನು ಕರ್ಕೊಂಡು ಬರ್ಲಿಕ್ಕೆ ಸ್ಟೇಷನ್ನಿಗೆ ಹೋಗು."

ಎಷ್ಟು ವರ್ಷದಿಂದ ನಾನು ಕಾದದ್ದು ಅವಳ ಬಾಯಿಂದ, ಇವಳು ಅಲ್ಲಿಯವಳೇ ಎನ್ನುವ ಈ ಒಂದು ಮಾತಿಗೆ. ಸಿಕ್ಕಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹೋಗುತ್ತೇನೆ ಎಂದು ಹೇಳಿ ಅಲ್ಲೇ ಅವಳ ಪಕ್ಕ ನೆಲಕ್ಕೆ ಕೂತೆ. ಇನ್ನು ಮುಂದೆ ನನ್ನನ್ನು ಯಾರೂ ಬಾ ಎಂದು ಕರೆಯುವುದಿಲ್ಲ.